ಮೊದಲ ಕೌದಿಗೆ ಯಾವ ದಾರ, ಯಾವ ಹೊಲಿಗೆ?

ಕೌದಿ ಎಂದರೆ ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ. ಹಳೆಯ ಹತ್ತಿ ಸೀರೆಗಳ ತುಂಡು ಜೋಡಿಸಿದ್ದರೆ ಹತ್ತಿ ದಾರ ಚೆನ್ನಾಗಿ ಹೊಂದುತ್ತದೆ. ಬಟ್ಟೆಯ ಜೊತೆಗೇ ಮೆತ್ತಗಾಗುತ್ತದೆ. ಜೇನುಮೇಣಕ್ಕೆ ಒಮ್ಮೆ ಉಜ್ಜಿಕೊಂಡರೆ ಸಿಕ್ಕು ಬೀಳುವುದೂ ಕಡಿಮೆ. ಆದರೆ ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗಾಲ ಗೊತ್ತಲ್ಲ? ವಾರಗಟ್ಟಲೆ ಒಣಗದೆ ಮುಗ್ಗಲು ಹಿಡಿಯುವ ಹೊದಿಕೆಯಲ್ಲಿ ಹತ್ತಿ ದಾರ ಬೇಗ ಕೊಳೆತು ಕುಂಬಾಗುತ್ತದೆ. ಅಲ್ಲಿ ಪಾಲಿಯೆಸ್ಟರ್ ಗಟ್ಟಿ. ಬಿಸಿ ಇಸ್ತ್ರಿ ಮುಟ್ಟಿಸುವಾಗ ಮಾತ್ರ ಎಚ್ಚರ.

ಹೊಲಿಗೆಯಲ್ಲಿ, ಪುರುಸೊತ್ತಿದ್ದವರಿಗೆ ಕೈಯ ಸಾಲುಹೊಲಿಗೆ. ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿಯುತ್ತಾರೆ. ಟಾಕು ಸೊಟ್ಟಗಾದರೆ ಬಿಚ್ಚುವುದು ಸುಲಭ. ನನ್ನವು ಇವತ್ತಿಗೂ ಸೊಟ್ಟವೇ. ದಿನವೂ ಒಗೆಯುವ ಮಗುವಿನ ಹಾಸಿಗೆಗಾದರೆ ಮಷಿನ್ ಹೊಲಿಗೆ. ಆಗ ನಡುವಿನಿಂದ ಶುರುಮಾಡಿ, ಪದರಗಳನ್ನು ಮೊದಲು ಕಚ್ಚಾ ಹೊಲಿಗೆಯಿಂದ ಹಿಡಿದಿಡಿ. ಇಲ್ಲದಿದ್ದರೆ ಅಡಿಯ ಬಟ್ಟೆ ಸುಕ್ಕುಗಟ್ಟುತ್ತದೆ.