ಎಸ್‌.ಪಿ. ರೋಡಿನ ಹಳೇ ಥಿಂಕ್‌ಪ್ಯಾಡೋ, ಶೋರೂಮಿನ ಹೊಸ ಐ3ಯೋ?

ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಲೆನೊವೊ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್ ಟಿ480 ಬೆಂಗಳೂರಿನ ಕಂಪ್ಯೂಟರ್ ಬಜಾರ್ ಎಸ್‌.ಪಿ. ರೋಡಿನಲ್ಲಿ ಇಪ್ಪತ್ತು ಸಾವಿರದ ಆಸುಪಾಸಿಗೆ ಸಿಗುತ್ತದೆ. ಹೆಚ್ಚುಕಮ್ಮಿ ಅದರ ಎರಡರಷ್ಟು ಕೊಟ್ಟರೆ ಶೋರೂಮಿನಲ್ಲಿ ಇಂಟೆಲ್ ಐ3-1215ಯು ಪ್ರೊಸೆಸರ್ ಇರುವ ಹೊಸ ಲ್ಯಾಪ್‌ಟಾಪ್. ಪಕ್ಕಪಕ್ಕ ಇಟ್ಟು ಕೆಲಸ ಮಾಡಿ ನೋಡಿದರೆ ವೇಗದಲ್ಲಿ ಹೊಸದೇ ಮುಂದು. ಆದರೂ ಕೋಡಿಂಗ್ ಕಲಿಯುವವರಿಗೆ ನಮ್ಮ ಮತ ಹಳೆಯದಕ್ಕೇ.

ಟಿ480ರ ಐ5-8350ಯು 2017ರ 4 ಕೋರ್ ಚಿಪ್. 1215ಯು 2022ರದು, 2 ದೊಡ್ಡ ಮತ್ತು 4 ಸಣ್ಣ ಕೋರ್. ಯೂಟ್ಯೂಬ್‌ನ ಎವಿ1 ಎಂಬ ಫಾರ್ಮ್ಯಾಟಿನ ವಿಡಿಯೊ ಹೊಸದರಲ್ಲಿ ಗ್ರಾಫಿಕ್ಸ್ ಚಿಪ್ಪಿನಲ್ಲೇ ಸದ್ದಿಲ್ಲದೆ ಓಡುತ್ತದೆ. ಹಳೆಯದರಲ್ಲಿ ಆ ಹೊರೆಯೆಲ್ಲ ಸಿಪಿಯು ಮೇಲೆ ಬಿದ್ದು ಫ್ಯಾನ್ ಗುಯ್‌ಗುಡುತ್ತದೆ.

ರ‍್ಯಾಮ್‌ಗೆ ಬಂದರೆ ಲೆಕ್ಕ ತಿರುಗುತ್ತದೆ. ಈ ದರದ ಹೊಸ ಮಾಡೆಲ್‌ಗಳಲ್ಲಿ ಎಷ್ಟೋ ಕಡೆ 8 ಜಿಬಿ ಬೋರ್ಡಿಗೇ ಬೆಸುಗೆ. ಟಿ480ರಲ್ಲಿ ಡಿಡಿಆರ್4 ಸ್ಲಾಟ್ ಎರಡು, ರ‍್ಯಾಮ್ ನೀವೇ ಹೆಚ್ಚಿಸಬಹುದು. ಮೊದಲು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ) ಒಳಗಿನ ಬ್ಯಾಟರಿ ನಿಲ್ಲಿಸಿ, ಹಿಂಬದಿಯ ಬ್ಯಾಟರಿ ಕಳಚಿ, ತಳದ 6 ಸ್ಕ್ರೂ ಸಡಿಲಿಸಿ. ಅವು ಪೂರ್ತಿ ಹೊರಗೆ ಬರುವುದಿಲ್ಲ, ಎಳೆಯಬೇಡಿ. ಅಂಚಿಗೆ ಹಳೇ ಡೆಬಿಟ್ ಕಾರ್ಡ್ ತೂರಿಸಿದರೆ ಕ್ಲಿಪ್‌ಗಳು ಒಂದೊಂದಾಗಿ ಬಿಡುತ್ತವೆ.

ಬ್ಯಾಟರಿಯೂ ಎರಡು: ಒಳಗೆ 24 ವ್ಯಾಟ್-ಅವರ್, ಹಿಂದೆ 24ರಿಂದ 72ರವರೆಗೆ. ಕರೆಂಟ್ ಹೋದಾಗ ಆಫ್ ಮಾಡದೆಯೇ ಹಿಂದಿನದನ್ನು ಬದಲಿಸಬಹುದು. ಒಳಗಿನದು ಸತ್ತಿದ್ದರೆ ಮಾತ್ರ ಹಿಂದಿನದನ್ನು ಎಳೆದ ಕೂಡಲೇ ಸ್ಕ್ರೀನ್ ಕಪ್ಪು. ಅಂಗಡಿಯಲ್ಲೇ ಚಾರ್ಜರ್ ತೆಗೆದು ಬ್ಯಾಟರಿ ಎಳೆದು ನೋಡಿ. ಆಮೇಲೆ ವಿಂಡೋಸ್‌ನ ಪವರ್‌ಸಿಎಫ್‌ಜಿ ಕಮಾಂಡಿನಿಂದ ಬ್ಯಾಟರಿ ರಿಪೋರ್ಟ್ ತೆಗೆಸಿ. ಫುಲ್ ಚಾರ್ಜ್ ಸಾಮರ್ಥ್ಯ ಮೂಲದ ಶೇ 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡು ಮುರಿದುಕೊಂಡೇ ಚೌಕಾಸಿ ಮಾಡಿ.

‘ಐ5 ಸಾರ್’ ಅಂದ ಮಾತ್ರಕ್ಕೆ ತಲೆಯಾಡಿಸಬೇಡಿ. ಪಕ್ಕದಲ್ಲೇ ಇರುವ ಟಿ470 ನೋಡಲು ಅವಳಿಯ ಹಾಗೆ, ಆದರೆ ಅದರ ಐ5-7200ಯುನಲ್ಲಿ ಕೋರ್ ಎರಡೇ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಅದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಇನ್ನು ಸ್ಕ್ರೀನ್. 1366x768 ಪ್ಯಾನೆಲ್ ಹಾಕಿದ ಟಿ480ಗಳೂ ಬೇಕಾದಷ್ಟಿವೆ, ಸ್ವಲ್ಪ ಓರೆಯಾಗಿ ನೋಡಿದರೆ ಬಣ್ಣ ತಿರುಗುತ್ತದೆ. ಓರೆಯಿಂದ ನೋಡಿದರೂ ಬಣ್ಣ ಕೆಡದ 1920x1080 ಐಪಿಎಸ್ ಪ್ಯಾನೆಲ್ಲೇ ಕೇಳಿ. ಬೂಟ್ ಆಗುವಾಗ ಎಫ್1 ಒತ್ತಿ: ಸೂಪರ್‌ವೈಸರ್ ಪಾಸ್‌ವರ್ಡ್ (ಬಯಾಸ್‌ಗೆ ಹಾಕಿದ ಬೀಗ) ಕೇಳಿದರೆ ಅಲ್ಲೇ ಕೆಳಗಿಡಿ. ಟೈಪ್-ಸಿ ಪೋರ್ಟಿಗೆ ಚಾರ್ಜರ್ ಚುಚ್ಚಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಕೊಂಡ ಮೇಲೆ ಆ ಪೋರ್ಟನ್ನು ನಡೆಸುವ ಒಳ ಸಾಫ್ಟ್‌ವೇರ್, ಅಂದರೆ ಥಂಡರ್‌ಬೋಲ್ಟ್ ಫರ್ಮ್‌ವೇರ್ ಅಪ್‌ಡೇಟ್ ಮರೆಯಬೇಡಿ, ಹಳೇ ಫರ್ಮ್‌ವೇರಿನಿಂದ ಚಾರ್ಜಿಂಗ್ ನಿಂತುಹೋಗುವುದುಂಟು.

ಸೆಕೆಂಡ್‌ಹ್ಯಾಂಡ್ ಎಂ1 ಮ್ಯಾಕ್‌ಬುಕ್ ಏರ್ ಬಗ್ಗೆಯೂ ಕೇಳುತ್ತಾರೆ. 2020ರಲ್ಲಿ ಇಲ್ಲಿ ₹92,900ಕ್ಕೆ ಬಂದದ್ದು. ಫ್ಯಾನೇ ಇಲ್ಲ, ಬ್ಯಾಟರಿ ಅದ್ಭುತ. ಕೊಂಡಾಗ 8 ಜಿಬಿ ಇದ್ದರೆ ಕಡೆಯವರೆಗೂ ಅಷ್ಟೇ. ಕಾಲೇಜಿನ ಸಾಫ್ಟ್‌ವೇರ್ ವಿಂಡೋಸ್ ಕೇಳಿದರೆ ಸುಮ್ಮನೆ ಬಿಡಿ.

ರಿಪೇರಿಗೆ ಅಲೆಯಲು ಪುರುಸೊತ್ತಿಲ್ಲ, ಒಂದು ವರ್ಷದ ವಾರಂಟಿ ಬೇಕೇ ಬೇಕು ಅನ್ನುವವರು ಹೊಸ ಐ3 ತಗೊಳ್ಳಿ, ರ‍್ಯಾಮ್ ಸ್ಲಾಟ್ ಖಾಲಿ ಇದೆಯೇ ಎಂದು ಕೇಳಿಕೊಂಡು.