‘ಬಿಳಿ ಕಸ ನಾಶ’ ಅಂತ ಬರೆದ ಬೇವಿನ ಹಿಂಡಿ ಚೀಲ: ಮಸಾರಿ ಹೊಲದಲ್ಲಿ ಹಾಕಿ ನೋಡಿದ್ದು

ಬಾಗಲಕೋಟೆಯ ಒಂದು ಗೊಬ್ಬರದ ಅಂಗಡಿಯಿಂದ ತಂದ ಚೀಲ ಇದು. ಅಂಗಡಿ, ಕಂಪನಿ ಹೆಸರು ಬೇಡ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ‘ಬಿಳಿ ಕಸ ಬೇರುಸಹಿತ ನಾಶ, ನೂರಕ್ಕೆ ನೂರು ಸಾವಯವ’ ಅಂತ ಇದೆ. ಎರಡನೆಯ ಮಾತು ನಿಜ ಇರಬಹುದು, ಮೊದಲನೆಯದಂತೂ ಅಲ್ಲ.

ನಮ್ಮದು ಬಾದಾಮಿ ಕಡೆಯ ಮಸಾರಿ, ಅಂದ್ರೆ ಕೆಂಪು ಮಣ್ಣಿನ ಹೊಲ. ಸಜ್ಜೆ, ಮುಂಗಾರಿ ಜೋಳ ಬಿತ್ತುತ್ತೇವೆ. ಬಿಳಿ ಕಸ ಅಂದ್ರೆ ಸ್ಟ್ರೈಗಾ ಅನ್ನೋ ಪರಾವಲಂಬಿ ಕಳೆ, ಗಡಿಯಾಚೆ ಮರಾಠಿಯವರು ಟಾರಫುಲಾ ಅಂತಾರೆ. ಹಸಿ ಇದ್ದರೂ ಜೋಳ ಬಾಡುತ್ತದೆ, ಕುಳ್ಳಗೆ ಉಳಿಯುತ್ತದೆ, ಆಮೇಲೆ ಬುಡದಲ್ಲಿ ಸಣ್ಣ ಬಿಳಿ ಹೂವು ಕಾಣುತ್ತದೆ. ಅಷ್ಟೊತ್ತಿಗೆ ಅದು ನೆಲದೊಳಗೆ ಬೆಳೆಯ ಬೇರಿಗೆ ಅಂಟಿ ವಾರಗಟ್ಟಲೆ ಹೀರಿ ಮುಗಿಸಿರುತ್ತದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಧೂಳಿನಷ್ಟು ಸಣ್ಣವು, ಹತ್ತು ವರ್ಷಕ್ಕೂ ಜಾಸ್ತಿ ಮಣ್ಣಲ್ಲಿ ಜೀವ ಹಿಡಿದು ಕೂರುತ್ತವೆ, ಪಕ್ಕದಲ್ಲಿ ಬೆಳೆಯ ಬೇರು ಬಿಡುವ ಸ್ಟ್ರೈಗೊಲಾಕ್ಟೋನ್ ಅನ್ನೋ ರಾಸಾಯನಿಕದ ಸುಳಿವು ಸಿಕ್ಕಾಗ ಮಾತ್ರ ಮೊಳೆಯುತ್ತವೆ. ಅಂಥದ್ದನ್ನು ಒಂದು ಚೀಲ ಹಿಂಡಿ ಬೇರುಸಹಿತ ಕಿತ್ತುಹಾಕುತ್ತದೆ ಅಂದರೆ ನಂಬೋದು ಹೇಗೆ?

ಹೊಲದ ಒಂದು ಪಟ್ಟಿಗೆ ಬಿತ್ತನೆಗೆ ಮುಂಚೆ ಹಾಕಿ ಕುಂಟೆ ಹೊಡೆದೆವು, ಪಕ್ಕದ ಪಟ್ಟಿ ಹಾಗೇ ಬಿಟ್ಟೆವು. ಕಸ ಎರಡರಲ್ಲೂ ಎದ್ದಿತು. ಹಿಂಡಿ ಹಾಕಿದ ಕಡೆ ಸ್ವಲ್ಪ ಕಡಿಮೆ, ತಡವಾಗಿ. ಜೋಳ ಮಾತ್ರ ಅಲ್ಲಿ ನಿಜವಾಗಿಯೂ ಹಸಿರಾಗಿತ್ತು, ತೆನೆಯೂ ಪರವಾಗಿಲ್ಲ. ಇದರಲ್ಲಿ ಬೇವಿನ ಮಂತ್ರ ಏನೂ ಇಲ್ಲ. ಸಾರಜನಕ, ರಂಜಕ ಕಡಿಮೆ ಇರೋ ಬಡ ಮಣ್ಣಲ್ಲಿ ಬೇರು ಆ ಸುಳಿವನ್ನು ಜಾಸ್ತಿ ಬಿಡುತ್ತದೆ, ಕಸವೂ ಜಾಸ್ತಿ. ಹೊಟ್ಟೆ ತುಂಬಿದ ಬೆಳೆ ಕಡಿಮೆ ಬಿಡುತ್ತದೆ. ಒಳ್ಳೆ ಬೇವಿನ ಹಿಂಡಿಯಲ್ಲಿ ಸಾರಜನಕ ಶೇಕಡಾ 5ರ ಹತ್ತಿರ ಇರುತ್ತದೆ, ಅದೂ ನಿಧಾನವಾಗಿ ಸಿಗುತ್ತದೆ. ಹಾಗಾಗಿ ಗೊಬ್ಬರ ಅಂತ ನೋಡಿದರೆ 5ಕ್ಕೆ 3 ಕೊಡುತ್ತೇನೆ, ಕಸದ ಔಷಧಿ ಅಂತ ನೋಡಿದರೆ 1.

ಸಿಟ್ಟು ಬಂದದ್ದು ಬೆಲೆಗೆ. ಅದೇ ಅಂಗಡಿಯಲ್ಲಿ ಹೆಸರಿಲ್ಲದ ಮಾಮೂಲಿ ಬೇವಿನ ಹಿಂಡಿ ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತಿತ್ತು, ವಾಸನೆ ಅದರದ್ದೇ ಜಾಸ್ತಿ ಘಾಟು. ‘ಕಸ ನಾಶ’ ಅನ್ನೋ ಎರಡು ಪದಕ್ಕೆ ಉಳಿದ ದುಡ್ಡು. ಸಾವಯವ ಗೊಬ್ಬರವೂ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ಬರುತ್ತದೆ, ಆದರೂ ಈ ಚೀಲದ ಮೇಲೆ ಸಾರಜನಕ ಎಷ್ಟು ಅಂತ ಎಲ್ಲೂ ಇಲ್ಲ. ಅಂಗಡಿಯವನು ಜೊತೆಗೆ ಒಂದು ಪುಡಿ ಪಾಕೀಟನ್ನೂ ದಾಟಿಸಲು ನೋಡಿದ, ಒಳಗೇನಿದೆ ಅಂದ್ರೆ ‘ಪವರ್ ಇದೆ ಸರ್’ ಅಂದ. ಬೇಡ ಅಂದೆ.

ಕೊಳ್ಳೋರು ಇಷ್ಟು ಮಾಡಿ. ಮಾಮೂಲಿ ಹಿಂಡಿಯನ್ನೇ ತನ್ನಿ, ಇಲ್ಲಾಂದ್ರೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಸಾಕು. ಉಳಿದ ದುಡ್ಡಿಗೆ ಅಲಸಂದಿ ಬೀಜ ತಂದು ಜೋಳದ ಸಾಲಿನ ನಡುವೆ ಬಿತ್ತಿ, ಅಥವಾ ಒಂದು ವರ್ಷ ಹತ್ತಿ, ಶೇಂಗಾ ಹಾಕಿ. ಇವುಗಳ ಬೇರಿನ ಸುಳಿವಿಗೆ ಕಸದ ಬೀಜ ಮೊಳೆಯುತ್ತದೆ, ಆದರೆ ಅಂಟಿಕೊಳ್ಳೋಕೆ ಆಗದೆ ಸಾಯುತ್ತದೆ. ಮಣ್ಣಲ್ಲಿರೋ ಬೀಜದ ಗಂಟು ಕರಗೋದು ಹಾಗೆ. ಎದ್ದ ಕಸವನ್ನು ಹೂವು ಬಿಡೋ ಮುಂಚೆ ಕೀಳಿ. ಹೂವು ಬಂದಿದ್ದರೆ ತಿಪ್ಪೆಗೆ ಎಸೆಯಬೇಡಿ, ಸುಟ್ಟುಬಿಡಿ, ಇಲ್ಲಾಂದ್ರೆ ಮುಂದಿನ ವರ್ಷ ಗೊಬ್ಬರದ ಜೊತೆ ಬೀಜವನ್ನೂ ನೀವೇ ಹೊಲಕ್ಕೆ ಹೊತ್ತು ಹಾಕಿದ ಹಾಗಾಗುತ್ತದೆ.