ಒಂದೇ ವಿಮಾನ, ಎರಡು ಎಂಜಿನ್: ಮೂಲ ಬ್ಲೇಡ್ ಮತ್ತು ಪಿಎಂಎ ಬ್ಲೇಡ್

ಮಾಲ್ಡೀವ್ಸ್‌ನಲ್ಲಿ ಟ್ವಿನ್ ಆಟರ್ ಸೀಪ್ಲೇನ್‌ಗಳ ಎಂಜಿನ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಒಂದು ವಿಮಾನದ ಎರಡೂ ಪಿಟಿ6ಎ-34 ಎಂಜಿನ್‌ಗಳು ಒಂದೇ ತಿಂಗಳಲ್ಲಿ ಹಾಟ್ ಸೆಕ್ಷನ್ (ಇಂಧನ ಉರಿಯುವ ಬಿಸಿಭಾಗ) ತಪಾಸಣೆಗೆ ಬಂದಾಗ, ಎಡ ಎಂಜಿನ್‌ಗೆ ಮೂಲ ತಯಾರಕರ ಕಂಪ್ರೆಸರ್ ಟರ್ಬೈನ್ (ಬಿಸಿ ಅನಿಲದಿಂದ ತಿರುಗುವ ಚಕ್ರ) ಬ್ಲೇಡ್‌ಗಳನ್ನೂ, ಖರ್ಚು ಉಳಿಸುವ ಸಲುವಾಗಿ ಬಲ ಎಂಜಿನ್‌ಗೆ ಪಿಎಂಎ (ಬೇರೆ ತಯಾರಕರು ಅನುಮೋದನೆ ಪಡೆದು ಮಾಡುವ) ಬ್ಲೇಡ್‌ಗಳನ್ನೂ ಹಾಕಿಸಿದೆವು. ಬಲ ಎಂಜಿನ್‌ನಲ್ಲಿ ಬ್ಲೇಡ್ ಬಿಟ್ಟರೆ ಅವನ್ನು ಸಿಕ್ಕಿಸುವ ಡಿಸ್ಕ್, ವೇನ್ ರಿಂಗ್, ಶ್ರೌಡ್ ಸೆಗ್ಮೆಂಟ್ ಎಲ್ಲವೂ ಮೂಲದವೇ ಆಗಿದ್ದವು. ಮುಂದೆ ಎರಡೂ ಎಂಜಿನ್‌ಗಳು ಅದೇ ಪೈಲಟ್‌ಗಳ ಕೈಯಲ್ಲಿ, ಅದೇ ಉಪ್ಪುಗಾಳಿಯಲ್ಲಿ, ಸರಿಸಮ ಗಂಟೆ ಹಾರಿದವು. ಇನ್ನೊಮ್ಮೆ ಆರಿಸುವ ಅವಕಾಶ ಸಿಕ್ಕರೆ ಎರಡಕ್ಕೂ ಮೂಲ ಬ್ಲೇಡ್‌ಗಳನ್ನೇ ಹಾಕಿಸುತ್ತೇನೆ.

ಪಿಎಂಎ ಎಂದರೆ ನಕಲಿ ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲೂ ಇದೆ. ಮೂಲ ವಿನ್ಯಾಸಕ್ಕೆ ತದ್ರೂಪವೆಂದು ತೋರಿಸಿ, ಇಲ್ಲವೇ ಪರೀಕ್ಷೆ ಮತ್ತು ಲೆಕ್ಕಾಚಾರಗಳಿಂದ ಸಮರ್ಥಿಸಿ, ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯಿಂದ ಅನುಮೋದನೆ ಪಡೆದ ಭಾಗಗಳು ಇವು. 2023ರಲ್ಲಿ ದೊಡ್ಡ ಪ್ರಯಾಣಿಕ ವಿಮಾನಗಳ ಸಿಎಫ್‌ಎಂ56 ಎಂಜಿನ್‌ಗಳಿಗೆ ಸುಳ್ಳು ಪ್ರಮಾಣಪತ್ರಗಳೊಂದಿಗೆ ಭಾಗಗಳು ಮಾರಾಟವಾದದ್ದು ಬಯಲಾಯಿತಲ್ಲ, ಅದು ಪೂರ್ತಿ ಬೇರೆ ಅಪರಾಧ. ಅದನ್ನು ಪಿಎಂಎ ತಯಾರಕರ ತಲೆಗೆ ಕಟ್ಟುವುದು ಅನ್ಯಾಯ.

ಕಾರ್ಯಕ್ಷಮತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದಿನವೂ ಬರೆದಿಡುವ ಐಟಿಟಿ (ಟರ್ಬೈನ್‌ಗಳ ನಡುವಿನ ಅನಿಲದ ಉಷ್ಣತೆ) ಅಂಕಿಗಳಲ್ಲಿ ಎರಡು ಎಂಜಿನ್‌ಗಳ ನಡುವಿನ ಅಂತರ ಮೊದಲು ಇದ್ದಷ್ಟೇ ಉಳಿಯಿತು.

ನನಗಿದ್ದ ಭಯ ಸಲ್ಫಿಡೇಷನ್‌ನದು. ಸಮುದ್ರದ ಉಪ್ಪು ಇಂಧನದಲ್ಲಿರುವ ಗಂಧಕದೊಂದಿಗೆ ಸೇರಿ ಸೋಡಿಯಂ ಸಲ್ಫೇಟ್ ಆಗಿ, ಬಿಸಿಯಾದ ಬ್ಲೇಡ್‌ನ ಲೇಪವನ್ನು ತಿಂದು ಒಳಗಿನ ಲೋಹಕ್ಕೆ ಇಳಿಯುತ್ತದೆ. ಕರಾವಳಿಯಲ್ಲಿ ಬೆಳೆದ ನನಗೆ ಉಪ್ಪುಗಾಳಿ ಕಿಟಕಿಯ ಸರಳನ್ನು ತಿನ್ನುವ ಬಗೆ ಗೊತ್ತು; ಟರ್ಬೈನ್‌ನೊಳಗೆ ಅದೇ ಉಪ್ಪಿಗೆ ಬೆಂಕಿಯ ಬಲವೂ ಸೇರುತ್ತದೆ. ಆದ್ದರಿಂದ ಪ್ರತಿ ಸಂಜೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸುತ್ತ ಖನಿಜರಹಿತ ನೀರಿನಿಂದ ಒಳಗನ್ನು ತೊಳೆಯುತ್ತೇವೆ. ಎಂಜಿನ್‌ನೊಳಗೆ ತೂರಿಸಿ ನೋಡುವ ಬೋರೋಸ್ಕೋಪ್‌ನಲ್ಲಿ ಎರಡೂ ಕಡೆಯ ಬ್ಲೇಡ್‌ಗಳ ಲೇಪ ಒಂದೇ ರೀತಿ ಕಂಡಿತು. ಇಲ್ಲಿಯೂ ಪಿಎಂಎ ಬ್ಲೇಡ್‌ಗಳ ಮೇಲೆ ದೂರಿಲ್ಲ.

ಸಂಕಟ ಬಂದದ್ದು ಒಂದೇ ಒಂದು ಬ್ಲೇಡ್‌ನಿಂದ. ಬಲ ಎಂಜಿನ್‌ನ ಫ್ಯುಯೆಲ್ ನಾಝಲ್ ಒಂದರಲ್ಲಿ ಕಟ್ಟಿದ್ದ ಇಂಗಾಲದ ತುಣುಕು ಕಳಚಿ ಹೋಗಿ ಬಡಿದಿರಬೇಕು. ಬ್ಲೇಡ್‌ನ ಮುಂದಿನ ಅಂಚಿನಲ್ಲಿ, ತುದಿಯ ಹತ್ತಿರ, ಉಗುರಿನಿಂದ ಚಿವುಟಿದಂಥ ಗುರುತು ಪರದೆಯ ಮೇಲೆ ಕಾಣಿಸಿತು. ಅಳತೆ ಮಾಡಿದಾಗ ಮಿತಿ ಮೀರಿತ್ತು. ಡಿಸ್ಕ್‌ನಲ್ಲಿರುವ 58 ಬ್ಲೇಡ್‌ಗಳಲ್ಲಿ 57 ಚೆನ್ನಾಗಿದ್ದವು.

ಡಿಸ್ಕ್ ಕಳಚಿ ವಿದೇಶದ ಕಾರ್ಯಾಗಾರವೊಂದಕ್ಕೆ ಕಳುಹಿಸಿದೆವು. ಅಲ್ಲಿ ಬೇಕಾದ ತೂಕದ ವರ್ಗದ ಮೂಲ ಬ್ಲೇಡ್ ಕಪಾಟಿನಲ್ಲೇ ಇತ್ತು, ಆದರೆ ಹಾಕುವಂತಿರಲಿಲ್ಲ: ನಮ್ಮ ಪಿಎಂಎ ಬ್ಲೇಡ್‌ಗಳ ಜೊತೆ ಬಂದ ನಿರ್ವಹಣಾ ಸೂಚನೆಯ ಪ್ರಕಾರ ಒಂದೇ ಡಿಸ್ಕ್‌ನಲ್ಲಿ ಎರಡು ತಯಾರಕರ ಬ್ಲೇಡ್‌ಗಳನ್ನು ಬೆರೆಸಕೂಡದು. ಆ ನಿಯಮವನ್ನು ನಾನು ತಪ್ಪೆನ್ನಲಾರೆ. ನಿಮಿಷಕ್ಕೆ 37,500 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಪ್ರತಿ ಬ್ಲೇಡ್‌ನ ತೂಕವೂ, ಆ ತೂಕ ಬ್ಲೇಡ್‌ನ ಉದ್ದಕ್ಕೆ ಹೇಗೆ ಹಂಚಿದೆ ಎಂಬುದೂ, ಅದು ಕಂಪಿಸುವ ಬಗೆಯೂ ಮುಖ್ಯ. ಹೊರರೂಪ ಒಂದೇ ಆದ ಮಾತ್ರಕ್ಕೆ ಇವೆಲ್ಲ ಒಂದೇ ಆಗಿರುತ್ತವೆ ಎಂದು ಯಾರೂ ಊಹಿಸಿಕೊಂಡು ಸಹಿ ಹಾಕಬಾರದು.

ಸರಿಹೊಂದುವ ಪಿಎಂಎ ಬ್ಲೇಡ್ ಬರಲು, ಡಿಸ್ಕ್ ಮತ್ತೆ ಬ್ಯಾಲೆನ್ಸ್ ಆಗಲು, ತುದಿಯ ಅಂತರ ಅಳೆದು ಜೋಡಿಸಲು ಒಟ್ಟು 19 ದಿನ ಹಿಡಿಯಿತು. ಪ್ರವಾಸಿಗಳು ತುಂಬಿದ ಜನವರಿಯಲ್ಲಿ ವಿಮಾನ ಜೆಟ್ಟಿಗೆ ಕಟ್ಟಿಕೊಂಡು ನಿಂತಿತ್ತು, ರದ್ದಾದ ಹಾರಾಟಗಳ ಪಟ್ಟಿ ದಿನವೂ ನನ್ನ ಮೇಜಿಗೆ ಬರುತ್ತಿತ್ತು. ಬ್ಲೇಡ್‌ಗಳಲ್ಲಿ ಉಳಿಸಿದ್ದ ಹಣ ಆ ತಿಂಗಳೇ ಕರಗಿಹೋಯಿತು.

ಕಾಗದಪತ್ರದ ಹೊರೆಯೂ ಸಣ್ಣದಲ್ಲ. ಮೂಲ ತಯಾರಕರ ಕೈಪಿಡಿಯ ಬ್ಲೇಡ್ ತಪಾಸಣೆಯ ಅವಧಿ ಎಡಕ್ಕೆ, ಪಿಎಂಎ ಸೂಚನೆಯದು ಬಲಕ್ಕೆ. ಹೀಗೆ ಒಂದೇ ವಿಮಾನಕ್ಕೆ ಎರಡು ಲೆಕ್ಕ ಇಡಬೇಕು. ಓವರ್‌ಹಾಲ್ ವೇಳೆಗೆ ಬದಲಿ ಎಂಜಿನ್ ಕೇಳಿದಾಗ, ಹಿಂದಿರುಗಿಸುವ ಎಂಜಿನ್‌ನಲ್ಲಿ ಪಿಎಂಎ ಬ್ಲೇಡ್ ಇದ್ದರೆ ಪೂರ್ತಿ ಹೊಸ ಸೆಟ್‌ನ ಬೆಲೆ ಹಿಡಿದುಕೊಳ್ಳುವುದಾಗಿ ಪೂರೈಕೆದಾರರೊಬ್ಬರು ತಿಳಿಸಿದರು. 2018ರಲ್ಲಿ ಸಿಎಫ್‌ಎಂ56 ತಯಾರಕರಾದ ಸಿಎಫ್‌ಎಂ ಸಂಸ್ಥೆ, ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಟಿಎ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಎಂಜಿನ್‌ನಲ್ಲಿ ಅನ್ಯರ ಭಾಗಗಳಿದ್ದರೂ ತನ್ನ ಭಾಗಗಳ ಖಾತರಿಯನ್ನು ಉಳಿಸುವುದಾಗಿ ಒಪ್ಪಿದೆ. ಅದು ಒಳ್ಳೆಯ ನಡೆ, ಆದರೆ ಸಿಎಫ್‌ಎಂ ಎಂಜಿನ್‌ಗಳಿಗೆ ಸೀಮಿತ.

ಫಿಲ್ಟರ್, ಗ್ಯಾಸ್ಕೆಟ್, ಇಗ್ನೈಟರ್‌ಗಳನ್ನು ಈಗಲೂ ಪಿಎಂಎ ತಯಾರಕರಿಂದಲೇ ತರಿಸುತ್ತೇನೆ. ಬೆಲೆ ಕಡಿಮೆ, ತೊಂದರೆ ಕಂಡಿಲ್ಲ. ಬಿಸಿಭಾಗದಲ್ಲಿ ತಿರುಗುವ ಭಾಗಗಳಿಗೆ ಮಾತ್ರ ಮೂಲದವೇ. ಹತ್ತಾರು ವಿಮಾನಗಳಿದ್ದು, ಎಲ್ಲಕ್ಕೂ ಒಂದೇ ಪಿಎಂಎ ಬ್ಲೇಡ್ ಹಾಕಿ, ಬಿಡಿ ಡಿಸ್ಕ್‌ಗಳನ್ನೂ ಉಗ್ರಾಣದಲ್ಲಿ ಇಟ್ಟುಕೊಳ್ಳಬಲ್ಲ ಸಂಸ್ಥೆಗೆ ನನ್ನ ಈ ತೀರ್ಮಾನ ಹೊಂದದಿರಬಹುದು. ನಮ್ಮಲ್ಲಿ ಬಿಡಿ ಎಂಜಿನ್ ಸಹ ಇಲ್ಲ. ಮುಂದಿನ ತಪಾಸಣೆಯಲ್ಲಿ ಬಲ ಎಂಜಿನ್‌ಗೂ ಮೂಲ ಬ್ಲೇಡ್ ಹಾಕಿಸಲು ಈ ವರ್ಷದ ಬಜೆಟ್‌ನಲ್ಲಿ ಹಣ ತೆಗೆದಿಟ್ಟಿದ್ದೇನೆ.